ತೈಲದ ಜಾಡು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನೆಲದಡಿಯಲ್ಲಿ ಸುಣ್ಣಕಲ್ಲಿನ ವಿಶಾಲವಾದ ಪದರಗಳಿವೆ. ಮನೆಯ ನೆಲಕ್ಕೆ ಹಾಸುವ ಹೆಸರಾಂತ ಶಹಾಬಾದ ಕಲ್ಲು ಇಲ್ಲಿಯದು. ಸಿಮೆಂಟಿಗೂ ಸುಣ್ಣಕಲ್ಲೇ ಮೂಲವಸ್ತು. 1968ರಲ್ಲಿ ವಾಡಿಯಲ್ಲಿ ಸಿಮೆಂಟು ಕಾರ್ಖಾನೆ ಆರಂಭವಾಯಿತು. ಮುಂದೆ ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳು ಸ್ಥಾಪನೆಗೊಂಡವು.

ಸಿಮೆಂಟು ಕಾರ್ಖಾನೆಯ ಹೃದಯವೆಂದರೆ ಕಿಲ್ನ್ ಎಂಬ ಉರುಳುವ ಗೂಡು. ಉಕ್ಕಿನ ಈ ಭಾರಿ ಕೊಳವೆಯೊಳಗೆ ಕಚ್ಚಾವಸ್ತುವು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯುತ್ತದೆ. ಕೊಳವೆಯನ್ನು ತುಸು ಓರೆಯಾಗಿ ಇರಿಸಿರುವುದರಿಂದ ಅದು ತಿರುಗುತ್ತಲೇ ಇಳಿಜಾರಿನತ್ತ ಸರಿಯಲೆತ್ನಿಸುತ್ತದೆ. ಅದನ್ನು ತಡೆದು ಮೇಲಕ್ಕೆ ಒತ್ತುವ ಉರುಳೆಯ ಹಿಂದೆ ಇರುವ ಶಕ್ತಿ ಸಿಲಿಂಡರಿನಲ್ಲಿ ತುಂಬಿದ ತೈಲದ್ದು.

ತೈಲಕ್ಕೆ ಇಷ್ಟು ಬಲ ಎಲ್ಲಿಂದ ಬಂತು? ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಇದು ಪಾಸ್ಕಲನ ನಿಯಮ. ಒಂದು ಚದರ ಸೆಂಟಿಮೀಟರಿನ ಪಿಸ್ಟನ್ನನ್ನು 10 ಕಿಲೋಗ್ರಾಂ ಭಾರದಿಂದ ಒತ್ತಿದರೆ, 100 ಚದರ ಸೆಂಟಿಮೀಟರಿನ ಪಿಸ್ಟನ್ನು 1000 ಕಿಲೋಗ್ರಾಂ ಭಾರವನ್ನು ಎತ್ತಬಲ್ಲದು. ಈ ನಿಯಮವನ್ನು ಆಧರಿಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ದ್ರವಚಾಲಿತ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು. ಆದರೆ ಪಿಸ್ಟನ್ನಿನ ಸುತ್ತ ದ್ರವ ಸೋರುತ್ತಿತ್ತು. ಅವನ ಕಾರ್ಯಾಗಾರದಲ್ಲಿದ್ದ ಹೆನ್ರಿ ಮಾಡ್‌ಸ್ಲೇ ಚರ್ಮದ ಬಟ್ಟಲಿನಾಕಾರದ ಬಳೆಯನ್ನು ಅಳವಡಿಸಿದನು. ಸೋರಲೆಳಸುವ ದ್ರವದ ಒತ್ತಡವೇ ಆ ಬಳೆಯನ್ನು ಬಿಗಿಗೊಳಿಸಿತು! ಇಂದಿನ ಸೀಲುಗಳಲ್ಲಿ ಅನೇಕವು ಇದೇ ತತ್ತ್ವದಿಂದ ಕೆಲಸ ಮಾಡುತ್ತವೆ.

ಸೀಲು ಸವೆದರೆ ಸೋರಿಕೆ ತಪ್ಪದು. ಆದರೆ ತೈಲ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ಭಾವಿಸಬಾರದು. ಮೇಲೆ ಒಸರಿದ ತೈಲವು ಕೊಳವೆಯ ಗುಂಟ ಹರಿದು, ಬಹುದೂರದಲ್ಲಿ ಹನಿಯಾಗಿ ಬೀಳಬಹುದು. ಆದ್ದರಿಂದ ಅನುಭವಿಯಾದ ಕೆಲಸಗಾರನು ಮೊದಲು ಯಂತ್ರವನ್ನು ನಿಲ್ಲಿಸಿ, ಎಲ್ಲವನ್ನೂ ಒರಸಿ ಒಣಗಿಸುತ್ತಾನೆ. ಸಂಶಯವಿರುವ ಜೋಡಣೆಗಳಿಗೆ ಬಿಳಿಯ ಪುಡಿಯನ್ನು ಲೇಪಿಸುತ್ತಾನೆ. ಯಂತ್ರವನ್ನು ಮತ್ತೆ ನಡೆಸಿ, ದೂರದಿಂದಲೇ ಗಮನಿಸುತ್ತಾನೆ. ಮೊದಲು ಎಲ್ಲಿ ತೇವ ಕಾಣುವುದೋ ಅಲ್ಲಿಯೇ ಸೋರಿಕೆಯ ಮೂಲ.

ಕೆಲವು ಸೋರಿಕೆಗಳು ಕಣ್ಣಿಗೆ ಬೀಳುವುದೇ ಇಲ್ಲ. ತೈಲವು ಹೊರಗೆ ಹನಿಯದೆ, ಸವೆದ ಸೀಲನ್ನೋ ಕವಾಟವನ್ನೋ ದಾಟಿ ತೊಟ್ಟಿಗೆ ಮರಳುತ್ತದೆ. ತೊಟ್ಟಿಯ ಮಟ್ಟ ಇಳಿಯದು. ಆದರೆ ಪಿಸ್ಟನ್ನು ನಿಂತಲ್ಲಿ ನಿಲ್ಲದು, ತೈಲ ಬಿಸಿಯೇರುವುದು. ಆಗ ಸಿಲಿಂಡರಿಗೆ ಹೋಗುವ ದಾರಿಯ ಕವಾಟವನ್ನು ಮುಚ್ಚಿ, ಸಿಲಿಂಡರಿನ ಕಡೆಯ ಒತ್ತಡಮಾಪಕವನ್ನು ನೋಡಬೇಕು. ಮುಳ್ಳು ಇಳಿದರೆ ದೋಷ ಸಿಲಿಂಡರಿನ ಕಡೆಗಿದೆ. ಸ್ಥಿರವಾಗಿ ನಿಂತರೆ ಪಂಪಿನ ಕಡೆಗಿದೆ.

ಮೂಲ ಸಿಕ್ಕಿದೊಡನೆ ಹೊಸ ಸೀಲು ಹಾಕಿದರೆ ಕೆಲಸ ಮುಗಿಯಿತೇ? ಇಲ್ಲ. ಧೂಳು ಪಿಸ್ಟನ್ನಿನ ದಂಡವನ್ನು ಗೀರಿದ್ದರೆ, ಆ ಗೀರು ಹೊಸ ಸೀಲನ್ನೂ ಹರಿಯುವುದು. ಕಾರಣವನ್ನು ನಿವಾರಿಸದ ದುರಸ್ತಿ ದುರಸ್ತಿಯಲ್ಲ.

ಈ ಕೆಲಸದಲ್ಲಿ ಮೀರಬಾರದ ನಿಯಮವೊಂದುಂಟು: ಸೋರಿಕೆಯನ್ನು ಕೈಯಿಂದ ತಡವಿ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ತೈಲವು ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಒಡನೆಯೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ವಿದ್ಯುತ್ತನ್ನು ಉತ್ಪಾದಿಸುವ ಅನಿಲ ಟರ್ಬೈನುಗಳಲ್ಲಿಯೂ ಇಂಧನದ ಕವಾಟಗಳನ್ನು ಅನೇಕವೇಳೆ ಇಂತಹ ತೈಲವೇ ಆಡಿಸುತ್ತದೆ. ಅಲ್ಲಿ ಸೋರಿದ ತೈಲ ಕಾದ ಲೋಹಕ್ಕೆ ತಗುಲಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಒಂದು ಹನಿ ತೈಲ ಅಲ್ಪವೆಂದು ತೋರುತ್ತದೆ. ಅದು ಬಂದ ದಾರಿಯನ್ನು ತಾಳ್ಮೆಯಿಂದ ಅರಸುವವನು ಯಂತ್ರವನ್ನೂ ಉಳಿಸುತ್ತಾನೆ, ಅದರ ಬಳಿ ದುಡಿಯುವವರನ್ನೂ ಉಳಿಸುತ್ತಾನೆ.