ಲಿಫ್ಟರ್ ಮತ್ತು ಸ್ಮ್ಯಾಷರ್: ವಾಲಿಬಾಲ್ ಆಟದಲ್ಲಿ ಕಾಲದ ಹೊಂದಿಕೆಯನ್ನು ಕುರಿತು

ಆಟದ ಅಂಗಣದಲ್ಲಿ ಇಬ್ಬರು ಆಟಗಾರರು ಒಬ್ಬರ ಮನಸ್ಸನ್ನು ಇನ್ನೊಬ್ಬರು ಬಲ್ಲವರಂತೆ ಆಡಿದರೆಂದು ಪ್ರೇಕ್ಷಕರು ಹೊಗಳುವುದುಂಟು. ಈ ಹೊಗಳಿಕೆಯ ಹಿಂದೆ ಇರುವ ಕ್ರಮವಾದರೂ ಏನು ಎಂಬುದನ್ನು ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಚೆಂಡನ್ನು ಕೊಡುವವನೂ ಪಡೆಯುವವನೂ ಇರುವ ಎಲ್ಲ ಆಟಗಳಲ್ಲಿಯೂ ಈ ಪ್ರಶ್ನೆ ಏಳುತ್ತದೆಯಾದರೂ ನಾವು ಇಲ್ಲಿ ವಾಲಿಬಾಲನ್ನು ಆರಿಸಿಕೊಂಡಿದ್ದೇವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಎರಡು ಕಂಬ, ಒಂದು ಬಲೆ, ಒಂದು ಚೆಂಡು ದೊರೆತರೆ ಸಂಜೆಯ ಆಟಕ್ಕೆ ಬೇರೇನೂ ಬೇಕಾಗುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಕಂಡು, ಆಡಿ ಬಲ್ಲ ಆಟವಿದು. ಆದುದರಿಂದ ನಾವು ಹೇಳುವುದನ್ನು ಅವರು ತಾವೇ ಪರೀಕ್ಷಿಸಿ ನೋಡಬಹುದು.

ಎತ್ತಿಕೊಡುವ ಲಿಫ್ಟರ್, ನೆಗೆದು ಬಡಿಯುವ ಸ್ಮ್ಯಾಷರ್ ಎಂಬ ಜೋಡಿ ಈ ಆಟದಲ್ಲಿ ಮೊದಲಿನಿಂದ ಇದ್ದುದಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವಿಲಿಯಂ ಮಾರ್ಗನ್ ಎಂಬಾತನು ಆಟವನ್ನು ರೂಪಿಸಿದಾಗ ಚೆಂಡನ್ನು ಬಲೆಯಾಚೆಗೆ ದಾಟಿಸುವುದೇ ಮುಖ್ಯವಾಗಿತ್ತು. ಒಂದು ಪಕ್ಷದವರು ಎಷ್ಟು ಬಾರಿ ಮುಟ್ಟಬಹುದೆಂಬುದಕ್ಕೆ ಮಿತಿಯಿರಲಿಲ್ಲ. ಒಬ್ಬನು ಎತ್ತುವ, ಮತ್ತೊಬ್ಬನು ಬಡಿಯುವ ಪದ್ಧತಿ 1910ರ ದಶಕದಲ್ಲಿ ಫಿಲಿಪೈನ್ಸ್ ದ್ವೀಪಗಳಲ್ಲಿ ಬೆಳೆಯಿತು. ಮುಂದೆ ಮೂರೇ ಸ್ಪರ್ಶಗಳೆಂಬ ನಿಯಮ ನೆಲೆಗೊಂಡಿತು. ಮೊದಲ ಸ್ಪರ್ಶ ಎದುರಾಳಿಯ ಚೆಂಡನ್ನು ತಡೆಯುವುದಕ್ಕೆ, ಮೂರನೆಯದು ಹೊಡೆಯುವುದಕ್ಕೆ. ನಡುವಣ ಸ್ಪರ್ಶವೇ ಲಿಫ್ಟರನ ಪಾಲು. ಭಾರತದಲ್ಲಿ ವೈ.ಎಂ.ಸಿ.ಎ. ಸಂಸ್ಥೆಗಳಿಂದ ಹಬ್ಬಿದ ಈ ಆಟಕ್ಕೆ 1951ರಲ್ಲಿ ರಾಷ್ಟ್ರೀಯ ಫೆಡರೇಶನ್ ಸ್ಥಾಪಿತವಾಯಿತು. ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರ ತಂಡ 1962ರಲ್ಲಿ ಜಕಾರ್ತದಲ್ಲಿ ಬೆಳ್ಳಿಯನ್ನೂ 1986ರಲ್ಲಿ ಸೋಲ್ ನಗರದಲ್ಲಿ ಕಂಚನ್ನೂ ಗಳಿಸಿತು.

ಈಗ ಕಾಲದ ಲೆಕ್ಕಕ್ಕೆ ಬರೋಣ. ಪುರುಷರ ಆಟದಲ್ಲಿ ಬಲೆಯ ಎತ್ತರ 2.43 ಮೀಟರ್. ಸ್ಮ್ಯಾಷರನು ಸುಮಾರು 3 ಮೀಟರ್ ಎತ್ತರದಲ್ಲಿ ಚೆಂಡನ್ನು ಬಡಿಯುವನೆಂದೂ ಅದಕ್ಕಾಗಿ 60 ಸೆಂಟಿಮೀಟರ್ ನೆಗೆಯುವನೆಂದೂ ಇಟ್ಟುಕೊಳ್ಳೋಣ. ಕಾಲು ನೆಲವನ್ನು ಬಿಟ್ಟ ಮೇಲೆ ನೆಗೆತದ ತುದಿಯನ್ನು ಮುಟ್ಟಲು ಅವನಿಗೆ ಸುಮಾರು 0.35 ಸೆಕೆಂಡು ಬೇಕು. ಆ ತುದಿಯಿಂದ 5 ಸೆಂಟಿಮೀಟರಿನ ಅಂತರದೊಳಗೆ ಅವನು ಇರುವುದು ಕೇವಲ 0.2 ಸೆಕೆಂಡು. ಚೆಂಡು ಈ ಅವಕಾಶದಲ್ಲಿಯೇ ಅವನ ಕೈಗೆ ಸಿಕ್ಕಬೇಕು.

ಲಿಫ್ಟರನು 2.2 ಮೀಟರ್ ಎತ್ತರದಲ್ಲಿ ಚೆಂಡನ್ನು ಬಿಟ್ಟು 5 ಮೀಟರಿನವರೆಗೆ ಎತ್ತಿದನೆನ್ನೋಣ. ಗಾಳಿಯ ತಡೆಯನ್ನು ಗಣಿಸದಿದ್ದರೆ, ಅದು ಏರಿ ಇಳಿದು 3 ಮೀಟರ್ ಎತ್ತರಕ್ಕೆ ಬರಲು 1.4 ಸೆಕೆಂಡು ಹಿಡಿಯುತ್ತದೆ. ಇಷ್ಟರಲ್ಲಿ ಸ್ಮ್ಯಾಷರನು ಚೆಂಡನ್ನು ನೋಡಿ, ಅಳೆದು, ಓಡಿ ಬಂದು ನೆಗೆಯಬಹುದು. ಆದರೆ ಎದುರು ಪಕ್ಷದ ತಡೆಗಾರರಿಗೂ ಅಷ್ಟೇ ಬಿಡುವು ದೊರೆಯುತ್ತದೆ. ಈ ಬಿಡುವನ್ನು ಕಸಿಯಲೆಂದೇ ಗಿಡ್ಡ ಎತ್ತುವಿಕೆ ಹುಟ್ಟಿತು. ಲಿಫ್ಟರನು ತಾನೂ ನೆಗೆದು 2.5 ಮೀಟರ್ ಎತ್ತರದಲ್ಲಿ ಬಿಟ್ಟ ಚೆಂಡು 3 ಮೀಟರ್ ಮುಟ್ಟುವುದಕ್ಕೆ ಸುಮಾರು 0.32 ಸೆಕೆಂಡು ಸಾಕು. ಕಣ್ಣು ಕಂಡುದಕ್ಕೆ ದೇಹ ಓಗೊಡಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು; ಅದರ ಮೇಲೆ ನೆಗೆತದ 0.35 ಸೆಕೆಂಡು. ಎಂದರೆ, ಚೆಂಡು ಕೈಬಿಟ್ಟುದನ್ನು ನೋಡಿ ನೆಗೆಯುವವನು ತಡವಾಗಿಯೇ ತಲುಪುವನು. ಚೆಂಡು ಇನ್ನೂ ಲಿಫ್ಟರನ ಬೆರಳುಗಳಲ್ಲಿರುವಾಗಲೇ ಸ್ಮ್ಯಾಷರನ ಕಾಲು ನೆಲವನ್ನು ಬಿಟ್ಟಿರಬೇಕು. ಅವನು ಬರುವ ಚೆಂಡಿಗಾಗಿ ನೆಗೆಯುವುದಿಲ್ಲ, ಬರಲಿರುವ ಚೆಂಡಿಗಾಗಿ ನೆಗೆಯುತ್ತಾನೆ. ಇವನು ಎಲ್ಲಿಗೆ ನೆಗೆಯುವನೋ ಅಲ್ಲಿಗೆ ಅವನು ಚೆಂಡನ್ನಿಡುತ್ತಾನೆ. ಹೀಗಿರುವುದರಿಂದ ನಂಬಿಕೆಯೆಂಬುದು ಇಲ್ಲಿ ಬರಿಯ ಭಾವವಲ್ಲ. ಲೆಕ್ಕದಲ್ಲಿ ಕಡಿಮೆ ಬೀಳುವ ಕಾಲವನ್ನು ತುಂಬಿಕೊಡುವ ಸಾಧನ.

ವಾಡಿ, ಶಹಾಬಾದಗಳ ವಾಚಕರಿಗೆ ರೈಲ್ವೆಯ ಒಂದು ಹಳೆಯ ಪದ್ಧತಿ ಇಲ್ಲಿ ನೆನಪಾಗಬಹುದು. ಒಂಟಿ ಹಳಿಯ ಮಾರ್ಗಗಳಲ್ಲಿ ಗಾಡಿ ಮುಂದಿನ ನಿಲ್ದಾಣಕ್ಕೆ ಸಾಗಲು ಲೋಹದ ಗುಂಡಿನ ರೂಪದ ಟೋಕನ್ ಎಂಜಿನ್ನಿನವರ ಕೈಸೇರಬೇಕಾಗಿತ್ತು. ಗಾಡಿ ನಿಲ್ಲದೆ ಹೋಗುವಾಗ, ಅದನ್ನಿಟ್ಟ ಚೀಲವನ್ನು ಬಳೆಯೊಂದಕ್ಕೆ ಕಟ್ಟಿ ನಿಲ್ದಾಣದ ಆಳು ಎತ್ತಿಹಿಡಿಯುವನು. ಎಂಜಿನ್ನಿನಲ್ಲಿದ್ದವನು ತೋಳು ಚಾಚಿ ಅದನ್ನು ಎತ್ತಿಕೊಳ್ಳುವನು. ಇಲ್ಲಿಯೂ ಕಾಲದ ಹೊಂದಿಕೆ ಉಂಟು. ಆದರೆ ಇಬ್ಬರಿಗೂ ಪರಸ್ಪರ ಪರಿಚಯ ಬೇಕಿಲ್ಲ. ಹಳಿಯ ಜಾಗ ಬದಲಾಗದು, ಬಳೆ ಹಿಡಿಯುವ ಎತ್ತರವೂ ರೂಢಿಯದು. ಪರಿಚಯದ ಕೆಲಸವನ್ನು ನಿಯಮವೇ ಮಾಡುತ್ತದೆ. ವಾಲಿಬಾಲಿನಲ್ಲಿ ಮೊದಲ ಸ್ಪರ್ಶದಿಂದ ಬರುವ ಚೆಂಡು ಒಮ್ಮೆ ಬಲೆಯ ಹತ್ತಿರ, ಒಮ್ಮೆ ದೂರ, ಒಮ್ಮೆ ತೀರ ತಗ್ಗಿನಲ್ಲಿ ಬೀಳುತ್ತದೆ. ಲಿಫ್ಟರನು ಬೆರಳಿನ ಸನ್ನೆಯಿಂದ ಮೊದಲೇ ಸೂಚಿಸಿದ ಯೋಜನೆ ಆ ಕ್ಷಣದಲ್ಲಿ ಅರ್ಧ ಕೆಡುತ್ತದೆ. ಉಳಿದರ್ಧವನ್ನು ಇಬ್ಬರೂ ಒಂದೇ ರೀತಿ ಊಹಿಸಿದರೆ ಮಾತ್ರ ಆಟ ನಡೆಯುತ್ತದೆ. ನಿಯಮವು ನಿಲ್ಲುವೆಡೆಯಲ್ಲಿ ಪರಿಚಯದ ಕೆಲಸ ಪ್ರಾರಂಭವಾಗುತ್ತದೆ.

ಈ ಪರಿಚಯ ಹೇಗೆ ಸಿದ್ಧಿಸುತ್ತದೆ? ಚರಿತ್ರೆಯ ಉತ್ತರ ಸ್ಪಷ್ಟವಾಗಿದೆ: ಜೊತೆಯಾಗಿ ಕಳೆದ ಕಾಲದಿಂದ. ಅಮೆರಿಕದ ಫುಟ್ಬಾಲಿನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಆಟಗಾರನು, ಪಡೆಯುವವನು ತಿರುಗಿ ನೋಡುವ ಮೊದಲೇ ಚೆಂಡನ್ನು ಬಿಡಬೇಕಾಗುತ್ತದೆ. ಬಾಲ್ಟಿಮೋರ್ ತಂಡದ ಜಾನಿ ಯೂನಿಟಾಸ್ ಮತ್ತು ರೇಮಂಡ್ ಬೆರಿ ಎಂಬಿಬ್ಬರು, ತಂಡದ ಅಭ್ಯಾಸ ಮುಗಿದ ಮೇಲೂ ಅಂಗಣದಲ್ಲಿ ಉಳಿದು ಎಸೆತಗಳನ್ನು ಅಭ್ಯಾಸ ಮಾಡುತ್ತಿದ್ದರು. 1958ರ ಡಿಸೆಂಬರ್ 28ರ ಅಂತಿಮ ಪಂದ್ಯದಲ್ಲಿ ಬೆರಿ 12 ಎಸೆತಗಳನ್ನು ಹಿಡಿದನು. ತಂಡ 23–17ರಿಂದ ಗೆದ್ದಿತು. ವಾಲಿಬಾಲಿನಲ್ಲಿಯೇ ಜಪಾನಿನ ನಿದರ್ಶನ ಇದಕ್ಕಿಂತ ದೊಡ್ಡದು. ಯಸುತಕ ಮತ್ಸುದೈರನ ಶಿಕ್ಷಣದಲ್ಲಿ ಆ ದೇಶದ ಪುರುಷರ ತಂಡ ಗಿಡ್ಡ ಎತ್ತುವಿಕೆಯ ವೇಗದ ಆಟವನ್ನು ಬೆಳೆಸಿತು. ಕತ್ಸುತೋಶಿ ನೆಕೋದ ಎಂಬ ಲಿಫ್ಟರನು 1964, 1968, 1972ರ ಮೂರು ಒಲಿಂಪಿಕ್ಸ್‌ಗಳಲ್ಲಿಯೂ ತಂಡದಲ್ಲಿದ್ದನು. ಪದಕ ಕ್ರಮವಾಗಿ ಕಂಚು, ಬೆಳ್ಳಿ, ಚಿನ್ನವಾಯಿತು. ಎತ್ತರದ ಯುರೋಪಿಯನ್ನರನ್ನು ಎದುರಿಸಲು ಜಪಾನೀಯರು ಕಾಲವನ್ನೇ ಆಯುಧವಾಗಿ ಬಳಸಿಕೊಂಡರು.

ಹೊಂದಿಕೆಗೆ ಒಂದೇ ಊರು, ಒಂದೇ ಭಾಷೆ ಬೇಕೆಂಬ ಅಭಿಪ್ರಾಯವೂ ಉಂಟು. ಇದನ್ನು ಒಪ್ಪಲಾಗದು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಫುಟ್ಬಾಲ್ ತಂಡದಲ್ಲಿ ಪಂಚಪಾಂಡವರೆಂದು ಹೆಸರಾದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಬೆಂಗಳೂರಿನ ಅಹ್ಮದ್ ಖಾನ್ ದಕ್ಷಿಣದ ಬೇರೆ ಬೇರೆ ಪ್ರಾಂತಗಳಿಂದ ಬಂದವರು. ಅವರ ಕಾಲದಲ್ಲಿ ಆ ತಂಡ 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಬಂಗಾಳದ ಅಂಗಣದಲ್ಲಿ ದಿನದಿನವೂ ಕೂಡಿ ಆಡಿದ್ದೇ ಅವರನ್ನು ಒಂದುಗೂಡಿಸಿತು.

ಈ ವಿಚಾರವನ್ನು ನಮ್ಮ ಪ್ರದೇಶಕ್ಕೆ ಅನ್ವಯಿಸಿ ನೋಡಬೇಕು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲುಮಾರ್ಗ, ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ನಾನಾ ಕಡೆಯ ಜನರನ್ನು ತಂದಿವೆ. ಸೇಡಂ, ಚಿಂಚೋಳಿಗಳು ತೆಲಂಗಾಣದ ಅಂಚಿನಲ್ಲಿವೆ. ಒಂದೇ ಅಂಗಣದಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತುಗಳು ಕೇಳಿಬರುತ್ತವೆ. ಇದು ಕೊರತೆಯಲ್ಲವೆಂಬುದನ್ನು ಮೇಲಿನ ನಿದರ್ಶನವೇ ತೋರಿಸುತ್ತದೆ. ನಿಜವಾದ ಕೊರತೆ ಕಾಲದ್ದು. ನಾವು ಕಂಡಂತೆ ಕಾಲೇಜು ತಂಡಗಳನ್ನು ಪಂದ್ಯಾವಳಿಗೆ ಕೆಲವೇ ವಾರಗಳ ಮುಂಚೆ ಕಟ್ಟುವುದು ವಾಡಿಕೆ. ಮೊದಲು ಬಡಿಯುವವರನ್ನು ಆರಿಸಿ, ಬಡಿಯಲಾರದವನಿಗೆ ಎತ್ತುವ ಕೆಲಸವನ್ನು ವಹಿಸುತ್ತಾರೆ. ಪ್ರತಿಯೊಂದು ಚೆಂಡೂ ಯಾರ ಕೈಯ ಮೂಲಕ ಹಾಯಬೇಕೋ ಅವನೇ ಕೊನೆಯ ಆಯ್ಕೆಯಾಗುತ್ತಾನೆ. ಜೋಡಿ ಕುದುರುವ ಹೊತ್ತಿಗೆ ಒಬ್ಬನು ಪದವಿ ಮುಗಿಸಿ ಹೊರಡುತ್ತಾನೆ. ಅವನೊಡನೆ ತಂಡದ ನೆನಪೂ ಹೊರಟುಹೋಗುತ್ತದೆ.

ಆದುದರಿಂದ ಮೂರು ಸೂಚನೆಗಳನ್ನು ಅಧ್ಯಾಪಕರ ಮುಂದಿಡುತ್ತೇವೆ. ಒಂದನೆಯದಾಗಿ, ಲಿಫ್ಟರನನ್ನು ಮೊದಲ ವರ್ಷದಲ್ಲಿಯೇ, ಎಲ್ಲರಿಗಿಂತ ಮೊದಲು ಆರಿಸಬೇಕು. ಎರಡನೆಯದಾಗಿ, ಅವನಿಗೂ ಸ್ಮ್ಯಾಷರರಿಗೂ ದಿನಕ್ಕೆ ಅರ್ಧ ಗಂಟೆಯಾದರೂ ಪ್ರತ್ಯೇಕ ಅಭ್ಯಾಸವಿರಬೇಕು. ಕೆಟ್ಟ ಮೊದಲ ಸ್ಪರ್ಶದಿಂದ ಬಂದ ಚೆಂಡನ್ನು ಎತ್ತುವುದೇ ಅದರಲ್ಲಿ ಮುಖ್ಯ ಪಾಠವಾಗಬೇಕು. ಮೂರನೆಯದಾಗಿ, ಹಿರಿಯ ವಿದ್ಯಾರ್ಥಿಯೊಡನೆ ಕಿರಿಯನನ್ನು ಜೊತೆಗೂಡಿಸಬೇಕು. ಆಗ ಒಬ್ಬನು ಹೋದರೂ ಜೋಡಿಯ ಅರ್ಧವಾದರೂ ಉಳಿದು, ಮುಂದಿನವನಿಗೆ ಕಲಿಸುತ್ತದೆ. ಇವಕ್ಕೆ ಹಣವಾಗಲಿ ಹೊಸ ಅಂಗಣವಾಗಲಿ ಬೇಕಿಲ್ಲ. ವರ್ಷದ ಪ್ರಾರಂಭದಲ್ಲಿಯೇ ಕೆಲಸಕ್ಕೆ ತೊಡಗುವ ಮನಸ್ಸು ಬೇಕು.