ಲಸಿಕೆಯ ಚರಿತ್ರೆಗೆ ಗ್ರಂಥಾಲಯದಲ್ಲೊಂದು ಕಪಾಟು

ಲಸಿಕೆಯ ಇತಿಹಾಸದ ವಸ್ತುಸಂಗ್ರಹವನ್ನು ತ್ಯಾಗಲಿಯಂತಹ ಕಾಡಂಚಿನ ಪಂಚಾಯಿತಿಯಲ್ಲಿ ಮಂಗನ ಕಾಯಿಲೆಯಿಂದಲೇ ಆರಂಭಿಸುವುದು ಸೂಕ್ತ. ಸಿದ್ದಾಪುರಕ್ಕೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದರ ವೈರಾಣು ಪತ್ತೆಯಾಯಿತು. ಬಳಿಕ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಾಣುವಿನ ಲಸಿಕೆ ಬಂದಿತು. ಎರಡು ಡೋಸ್‌ಗಳ ನಂತರವೂ ಬೂಸ್ಟರ್ ಅಗತ್ಯವಿತ್ತು. ಚುಚ್ಚುಮದ್ದಿನ ನೋವಿಗೆ ಅಂಜಿ ಅನೇಕರು ಮರಳಿ ಬರಲಿಲ್ಲ. ಅದರ ರಕ್ಷಣಾ ಸಾಮರ್ಥ್ಯ ಸಾಲದೆಂದು ಕಂಡುಬಂದು ನೀಡಿಕೆಯನ್ನು ನಿಲ್ಲಿಸಲಾಗಿದೆ.

ಈ ಸಂಗತಿಯನ್ನೂ ಫಲಕದಲ್ಲಿ ಮರೆಮಾಚದೆ ಬರೆಯತಕ್ಕದ್ದು. ಇಲ್ಲವಾದರೆ, ಹಿಂದೆ ಲಸಿಕೆ ಪಡೆದವರು ತಾವು ಇಂದಿಗೂ ಸುರಕ್ಷಿತರೆಂದು ಭಾವಿಸಿ, ಡೆಪಾ ತೈಲ ಲೇಪಿಸಿಕೊಳ್ಳದೆ ದರಕು ತರಲು ಕಾಡಿಗೆ ಹೋದಾರು.

ಹಳೆಯ ಲಸಿಕಾ ಚೀಟಿ, ಕರಪತ್ರ, ಲಸಿಕೆ ಒಯ್ಯುತ್ತಿದ್ದ ಶೀತಪೆಟ್ಟಿಗೆಗಳನ್ನು ಗ್ರಂಥಾಲಯದ ಕಪಾಟಿನಲ್ಲಿ ಇರಿಸಬಹುದು. ಚೀಟಿಯಲ್ಲಿನ ಹೆಸರನ್ನು ಮುಚ್ಚಬೇಕು. ಬಳಸಿದ ಸೂಜಿ, ಸೀಸೆಗಳನ್ನು ಯಾರಿಂದಲೂ ಸ್ವೀಕರಿಸತಕ್ಕದ್ದಲ್ಲ.