ಅಬಾಟ್ ಫಿಲಿಪ್ ಹೇಳಿದ ಕಾಲುವೆಗಳು: ಬೈಲ್ಯಾಂಡ್ ಮಠದ ನೆಲವನ್ನು ಆಕಾಶದಿಂದ ಓದುವುದು

ಕಾಡು ಕಡಿದು ಕೆರೆ ಕಟ್ಟಿಸಿದ ಅಂತ ಹೊಗಳುವ ಶಾಸನ ಸಿಕ್ಕರೆ ನಾವು ಏರಿ, ತೂಬು ಎಲ್ಲಿದೆ ಅಂತ ಹುಡುಕಿಕೊಂಡು ಹೋಗ್ತೀವಿ. ಹೊಗಳಿಕೆಯಲ್ಲಿ ನಿಜ ಎಷ್ಟು ಅನ್ನೋದನ್ನು ನೆಲವೇ ಹೇಳಬೇಕು. ಈ ಸಲ ಅದೇ ಪರೀಕ್ಷೆಯನ್ನು ಇಂಗ್ಲೆಂಡಿನ ಒಂದು ಬರಹಕ್ಕೆ ಮಾಡೋಣ.

ಯಾರ್ಕ್‌ಶೈರಿನ ಬೈಲ್ಯಾಂಡ್ ಮಠದ ಸನ್ಯಾಸಿಗಳು ನೆಲೆ ಸಿಗದೆ ಹಲವು ಕಡೆ ಅಲೆದವರು. ಒಂದು ಜಾಗದಲ್ಲಿ ಅವರ ಗಂಟೆಯೂ ಪಕ್ಕದ ರೀವೋ ಮಠದ ಗಂಟೆಯೂ ಪರಸ್ಪರ ಕೇಳಿ ಗೊಂದಲವಾಗ್ತಿತ್ತು ಅಂತ 1147ರಲ್ಲಿ ಅಲ್ಲಿಂದಲೂ ಹೊರಟರು. ಕೊನೆಗೆ 1177ರಲ್ಲಿ ಕಾಕ್ಸ್‌ವೋಲ್ಡ್ ಹತ್ತಿರದ ಈಗಿನ ಜಾಗಕ್ಕೆ ಬಂದರು. ಮೂರನೆಯ ಅಬಾಟ್ ಫಿಲಿಪ್ 1197ರಲ್ಲಿ ಲ್ಯಾಟಿನ್‌ನಲ್ಲಿ ಬರೆದ ಮಠದ ಚರಿತ್ರೆ ಈ ಜಾಗ ಸಿದ್ಧವಾದ ಬಗೆಯನ್ನೂ ಹೇಳುತ್ತದೆ: ಕಾಡು ಕಡಿದು, ಉದ್ದವೂ ಅಗಲವೂ ಆದ ಕಾಲುವೆ ತೋಡಿ ಜೌಗಿನ ನೀರನ್ನು ಹೊರಹಾಕಿದರಂತೆ. ಫಿಲಿಪ್ ಇದನ್ನು ಹಿಂದಿನ ಅಬಾಟ್ ರೋಜರ್ ಮತ್ತು ಹಿರಿಯರಿಂದ ಕೇಳಿದ್ದು. ರೋಜರ್ ಆ ಕೆಲಸದ ಕಾಲದಲ್ಲಿ ಮಠದ ಮುಖ್ಯಸ್ಥನಾಗಿದ್ದವನು. ಸಾಕ್ಷಿ ಹತ್ತಿರದ್ದೇ. ಆದರೆ ಸಿಸ್ಟರ್ಸಿಯನ್ ಮಠಗಳಿಗೆ ತಾವು ಪಾಳುಭೂಮಿಯನ್ನು ಹಸನು ಮಾಡಿದೆವು ಅಂತ ಹೇಳಿಕೊಳ್ಳೋದು ಒಂದು ಸಂಪ್ರದಾಯ, ನಮ್ಮ ಪ್ರಶಸ್ತಿಗಳ ಹಾಗೆ.

ಮೇಲಿಂದ ನೋಡುವ ಪದ್ಧತಿ ಹೊಸದಲ್ಲ. ನೋಲ್ಸ್ ಮತ್ತು ಸೇಂಟ್ ಜೋಸೆಫ್ ಅವರ ಮಠಗಳ ವೈಮಾನಿಕ ಚಿತ್ರಗಳ ಪುಸ್ತಕ 1952ರಲ್ಲೇ ಬಂತು. ಸೂರ್ಯ ಕೆಳಗಿದ್ದಾಗ ಅರ್ಧ ಅಡಿ ತಗ್ಗಿಗೂ ನೆರಳು ಬೀಳುತ್ತದೆ. ಒಣ ಬೇಸಿಗೆಯಲ್ಲಿ ಮುಚ್ಚಿಹೋದ ಕಾಲುವೆಯ ಮೇಲಿನ ಪೈರು ಹಸಿರಾಗೇ ಉಳಿಯುತ್ತದೆ. ಈಗ ಇದಕ್ಕೆ ಲೈಡಾರ್ ಸೇರಿದೆ. ವಿಮಾನದಿಂದ ಬಿಟ್ಟ ಲೇಸರ್ ಮರಗಳ ಸಂದಿನಿಂದಲೂ ನೆಲ ಮುಟ್ಟಿ ವಾಪಸ್ ಬರುತ್ತದೆ. ಇಂಗ್ಲೆಂಡಿನ ಎನ್ವಿರಾನ್‌ಮೆಂಟ್ ಏಜೆನ್ಸಿ ತನ್ನ ಲೈಡಾರ್ ದತ್ತಾಂಶವನ್ನು 2015ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ.

ದತ್ತಾಂಶ ತೆರೆದ ತಕ್ಷಣ ಗೆರೆಗಳ ಜಾತ್ರೆ. ಅದರಲ್ಲಿ ಬಸಿಗಾಲುವೆ ಯಾವುದು ಅಂತ ಹೇಗೆ ಗುರುತಿಸೋದು?

ಮೊದಲು ಬೆಳಕಿನ ದಿಕ್ಕು. ತಂತ್ರಾಂಶಗಳು ಸಾಮಾನ್ಯವಾಗಿ ವಾಯವ್ಯದಿಂದ, ಅಂದರೆ 315 ಡಿಗ್ರಿಯಿಂದ, ಕೃತಕ ಬಿಸಿಲು ಹಾಕುತ್ತವೆ. ಆಗ ವಾಯವ್ಯದಿಂದ ಆಗ್ನೇಯಕ್ಕೆ ಹರಿಯುವ ಕಾಲುವೆಗೆ ನೆರಳೇ ಬೀಳೋದಿಲ್ಲ. ಶಿಲಾಶಾಸನಕ್ಕೆ ಓರೆಯಾಗಿ ಟಾರ್ಚ್ ಹಿಡಿದು ಸುತ್ತಲೂ ತಿರುಗಿಸ್ತೀವಲ್ಲ, ಇಲ್ಲೂ ಹಾಗೆ ಕನಿಷ್ಠ ನಾಲ್ಕು ದಿಕ್ಕಿನಿಂದ ನೋಡಬೇಕು.

ಆಮೇಲೆ ಇಳಿಜಾರು. ಹಳೆಯ ದಾರಿ ಏರಿ ಇಳಿಯಬಹುದು, ಹೊಲದ ಗಡಿಗೆ ಇಳಿಜಾರಿನ ಹಂಗೇ ಇಲ್ಲ. ಬಸಿಗಾಲುವೆ ಮಾತ್ರ ಒಂದೇ ಕಡೆ ಇಳಿಯಲೇಬೇಕು, ಕೊನೆಗೆ ಹಳ್ಳಕ್ಕೋ ಕೊಳಕ್ಕೋ ಸೇರಲೇಬೇಕು. ಲೆಕ್ಕಕ್ಕೆ 400 ಮೀಟರಿಗೆ 1 ಮೀಟರ್ ಇಳಿಜಾರು ಅಂದುಕೊಳ್ಳಿ. 20 ಮೀಟರಿನ ತುಂಡಿನಲ್ಲಿ ಇಳಿತ ಬರೀ 5 ಸೆಂ.ಮೀ.; ಈ ಲೈಡಾರ್‌ನ ಎತ್ತರದ ನಿಖರತೆಯೇ ಸುಮಾರು 15 ಸೆಂ.ಮೀ. ಹಾಗಾಗಿ ತುಂಡು ಗೆರೆ ನೋಡಿ ನೀರು ಯಾವ ಕಡೆ ಹರಿಯಿತು ಅನ್ನಬಾರದು, ಪೂರ್ತಿ ಉದ್ದ ಅಳೆಯಬೇಕು. ಇನ್ನೊಂದು ಮಾತು: ಈಗ ಕಾಣೋದು ಹೂಳು ತುಂಬಿದ ತಳ, ತೋಡಿದಾಗಿನ ತಳ ಅಲ್ಲ.

ಕಷ್ಟದ್ದು ಕಾಲನಿರ್ಣಯ. ಬೈಲ್ಯಾಂಡ್ ಸುತ್ತ ಕಟ್ಟೆ, ಕೊಳ, ಕಾಲುವೆಗಳ ಮಣ್ಣಿನ ಉಬ್ಬುತಗ್ಗುಗಳು ಧಾರಾಳವಾಗಿ ಉಳಿದಿವೆ. ಆದರೆ 1538ರಲ್ಲಿ ಮಠ ಮುಚ್ಚಿದ ಮೇಲೆ ರೈತರೂ ಅಲ್ಲಿ ತೋಡಿದ್ದಾರೆ. ಮೀನಿನ ಮುಳ್ಳಿನ ಹಾಗೆ ಸಮಾನ ಅಂತರದಲ್ಲಿ ಕಾಣುವ ಸಣ್ಣ ಗೆರೆಗಳು ಹೆಚ್ಚಾಗಿ 19ನೇ ಶತಮಾನದಲ್ಲಿ ಹೂತ ಮಣ್ಣಿನ ಕೊಳವೆಗಳವು. ಉಳಿದವಕ್ಕೆ ಯಾವುದು ಯಾವುದನ್ನು ಕತ್ತರಿಸಿದೆ ಅಂತ ನೋಡಬೇಕು. ಮಧ್ಯಯುಗದ ಉಳುಮೆಯ ದಿಂಡು-ಸಾಲುಗಳು ಮುಚ್ಚಿದ ಕಾಲುವೆಯ ಮೇಲೇ ಹಾದುಹೋಗಿದ್ದರೆ ಕಾಲುವೆ ಹಳೆಯದು. ಕಾಲುವೆ ದಿಂಡುಗಳನ್ನು ಕತ್ತರಿಸಿದ್ದರೆ ಅದು ಆಮೇಲಿನದು. ಅಳಿಸಿದ ಅಕ್ಷರದ ಮೇಲೆ ಮತ್ತೊಂದು ಅಕ್ಷರ ಕೆತ್ತಿದ್ದನ್ನು ಓದುವ ತರ್ಕವೇ ಇದು.

ಇಷ್ಟಾದರೂ ಸಿಗೋದು ಮೊದಲು-ಆಮೇಲೆ ಅನ್ನೋ ಕ್ರಮ, ಇಸವಿ ಅಲ್ಲ. ಅಗೆದು ತಳದ ಕೆಸರಿನ ಮರದ ಚೂರಿಗೆ ರೇಡಿಯೋಕಾರ್ಬನ್ ಪರೀಕ್ಷೆ ಮಾಡಿಸಿದರೂ ಗೊತ್ತಾಗೋದು ಆ ಮರದ ಕಾಲ. ಕಾಲುವೆ ತೋಡಿದ ದಿನ ಅಲ್ಲ. 1177ಕ್ಕಿಂತ ಮುಂಚೆ ಅನ್ನೋ ಮಿತಿ ಕೊಡೋದು ಫಿಲಿಪ್‌ನ ಬರಹ ಮಾತ್ರ. ಆದರೆ ಅವನು ಯಾವ ಕಾಲುವೆ ಅಂತ ಬೆರಳಿಟ್ಟು ತೋರಿಸೋದಿಲ್ಲ. ನೆಲಕ್ಕೆ ಜಾಗ ಗೊತ್ತು, ಬರಹಕ್ಕೆ ಕಾಲ ಗೊತ್ತು. ಇವೆರಡನ್ನು ಜೋಡಿಸೋದು ನಾವು, ಆದ್ದರಿಂದ ಆ ಜೋಡಣೆಯ ಹೊಣೆಯೂ ನಮ್ಮದೇ. ಜೌಗು ಇರುವ ತಗ್ಗಿನಿಂದ ಹೊರಟು, ಒಂದೇ ಕಡೆ ಇಳಿದು, ಮಧ್ಯಯುಗದ ಉಳುಮೆಗಿಂತ ಹಳೆಯದಾಗಿರುವ ಕಾಲುವೆಗೆ ಮಾತ್ರ ಫಿಲಿಪ್‌ನ ಹೆಸರು ಕೊಡಬಹುದು. ಅದಕ್ಕೂ 'ಬಹುಶಃ' ಅಂತ ಸೇರಿಸಿಯೇ ಕೊಡಬೇಕು. ಉಳಿದವನ್ನು ನಕ್ಷೆಯಲ್ಲಿ ಕಾಲ ತಿಳಿಯದ್ದು ಅಂತಲೇ ಗುರುತು ಹಾಕಿಡೋದು ಒಳ್ಳೇದು.